ದುಡುಕು, ಮುಂಗೋಪ, ತಿಕ್ಕಲು: ಡಾಕ್ಟರ್ ಹತ್ತಿರ ಏನಂತ ಹೇಳಬೇಕು?

ಪ್ರಶ್ನೆ (ಹೊಸನಗರ ಕಡೆಯ ಸದಸ್ಯೆ):
ಮೇಡಂ, ನನ್ನ ತಮ್ಮನಿಗೆ 24 ವರ್ಷ. ಮೊದಲಿಂದಲೂ ಸ್ವಲ್ಪ ಮುಂಗೋಪಿ, ಆದರೆ ತೋಟದ ಕೆಲಸ ಅಚ್ಚುಕಟ್ಟು. ಈಗ ವಾರದ ಮೇಲಾಯ್ತು, ಅವನೇ ಬೇರೆ ಆಗಿದ್ದಾನೆ. ಒಣಗಿಸಿಟ್ಟ ಅಡಿಕೆಯನ್ನು ಯಾರಿಗೂ ಹೇಳದೆ ಮಾರಿ ಬೈಕ್ ತಂದ. ಮಾರನೇ ದಿನ ಅದನ್ನು ಗೆಳೆಯನಿಗೆ ಕೊಟ್ಟುಬಿಟ್ಟ. ರಾತ್ರಿ ಎರಡು ಗಂಟೆಗೆ ತೋಟಕ್ಕೆ ಹೋಗಿ ಬಿದ್ದ ಅಡಿಕೆ ಹಾಳೆ ಹೆಕ್ಕುತ್ತಾನೆ. ಅಪ್ಪ "ಹುಚ್ಚು ಹಿಡಿದಿದೆ" ಅಂತಾರೆ. ಅಮ್ಮ "ಸುಮ್ನೆ ದುಡುಕು, ಮದುವೆ ಆದರೆ ಸರಿಹೋಗುತ್ತೆ" ಅಂತಾರೆ. ಊರವರ ಬಾಯಲ್ಲಿ ಅವನು ತಿಕ್ಕಲು. ಡಾಕ್ಟರ್ ಹತ್ತಿರ ಹೋದಾಗ ಇದನ್ನು ಯಾವ ಮಾತಲ್ಲಿ ಹೇಳಲಿ?

ಉತ್ತರ (ಮನೋವೈದ್ಯೆ, ಶಿವಮೊಗ್ಗ):
ಈಗ ಬರೆದಿದ್ದನ್ನೇ ಹಾಗೇ ಹೇಳಿ. ಅಡಿಕೆ ಮಾರಿದ್ದು, ಬೈಕ್ ಕೊಟ್ಟಿದ್ದು, ರಾತ್ರಿ ತೋಟಕ್ಕೆ ಹೋಗಿದ್ದು. ಇದರಿಂದ ನಮಗೆ ತಿಳಿಯುವಷ್ಟು "ತಿಕ್ಕಲು" ಅನ್ನೋದರಿಂದ ತಿಳಿಯುವುದಿಲ್ಲ. ಆ ಮಾತಿನಲ್ಲಿ ಬೈಗುಳ ಇದೆ, ಸುದ್ದಿ ಇಲ್ಲ.

ಹಾಗಂತ ನಮ್ಮ ಮನೆಮಾತುಗಳನ್ನು ಬಿಟ್ಟುಬಿಡಬೇಕಿಲ್ಲ. ದುಡುಕು ಅಂದರೆ ಯೋಚನೆಗೆ ಮೊದಲೇ ಕೈ ಮುಂದೆ ಹೋಗುವುದು. ಮುಂಗೋಪ ಅಂದರೆ ವಿಷಯ ಪೂರ್ತಿ ಕೇಳುವ ಮೊದಲೇ ಸಿಟ್ಟು. ಹುಂಬರಿಗೆ ಅಪಾಯವೇ ಕಾಣುವುದಿಲ್ಲ. ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಕ್ಕೆ ಬೈಕ್ ಇಳಿಸುತ್ತಾರಲ್ಲ, ಅಂಥವರು. ಕ್ಷಣ ಚಿತ್ತ ಕ್ಷಣ ಪಿತ್ತ ಅಂದಾಗ ಗಳಿಗೆಗೊಂದು ಮನಸ್ಸು ಅಂತ ಅರ್ಥ. ಇವೆಲ್ಲ ಒಂದೇ ಅಲ್ಲ. ಮನೆಯವರು ಯಾವುದನ್ನು ಹೇಳುತ್ತಾರೆ ಅನ್ನುವುದರ ಮೇಲೆ ನಮ್ಮ ಮುಂದಿನ ಪ್ರಶ್ನೆ ಬದಲಾಗುತ್ತದೆ.

ಒಂದು ವ್ಯತ್ಯಾಸ ಬಹಳ ಮುಖ್ಯ. ದುಡುಕಿನವರ ಜಾಡು ಮನೆಯವರಿಗೆ ಗೊತ್ತಿರುತ್ತದೆ. ಯಾವ ಮಾತಿಗೆ ಎದ್ದು ಹೋಗುತ್ತಾರೆ, ಎಷ್ಟು ಹೊತ್ತಿಗೆ ತಣ್ಣಗಾಗುತ್ತಾರೆ ಅಂತ ಹೆಂಡತಿ ಮಕ್ಕಳು ಮೊದಲೇ ಹೇಳಬಲ್ಲರು. "ಯಾವಾಗ ಏನು ಮಾಡ್ತಾನೋ ಗೊತ್ತಾಗಲ್ಲ" ಅನ್ನುವುದು ಬೇರೆ. ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುವವರು ತಮ್ಮದೇ ಕಾರಣ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳಬಹುದು. ಆ ಕಾರಣ ನಮಗೆ ಕಾಣುವುದಿಲ್ಲ, ಅದಕ್ಕೇ ಏಕಾಏಕಿ ಅನ್ನಿಸುತ್ತದೆ. ಅದನ್ನು ದುಡುಕು ಅಂದುಬಿಟ್ಟರೆ ಕಾಯಿಲೆ ಕೈತಪ್ಪುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನಾನು ಗಟ್ಟಿಯಾಗಿ ಹಿಡಿಯುವ ಮಾತು "ಅವನೇ ಬೇರೆ ಆಗಿದ್ದಾನೆ" ಅನ್ನುವುದು. ಮುಂಗೋಪ ಹಳೆಯದು, ಇದು ಹೊಸದು. ನಿದ್ದೆಯನ್ನು ಗಮನಿಸಿ. ನಿದ್ದೆ ಬರದೆ ಹೊರಳಾಡಿ ಬೆಳಗ್ಗೆ ಸುಸ್ತಾಗಿರುತ್ತಾನಾ? ಅಥವಾ ಎರಡು ಮೂರು ತಾಸು ಮಲಗಿ, ನಿದ್ದೆಯೇ ಬೇಡ ಅನ್ನುವಷ್ಟು ಚುರುಕಾಗಿರುತ್ತಾನಾ? ಎರಡನೆಯದಾಗಿದ್ದು, ಜೊತೆಗೆ ಮಾತು ಜಾಸ್ತಿ, ಖರ್ಚು ಜಾಸ್ತಿ, ದೊಡ್ಡ ದೊಡ್ಡ ಯೋಜನೆ ಎಲ್ಲ ಇದ್ದು, ವಾರ ದಾಟಿದ್ದರೆ ಮೇನಿಯಾ ಇರಬಹುದಾ ಅಂತ ನೋಡುತ್ತೇವೆ. ಮನಸ್ಸು ಕೆಲಕಾಲ ವಿಪರೀತ ಏರಿ, ಕೆಲಕಾಲ ಕುಸಿಯುವ ಬೈಪೋಲಾರ್ ಕಾಯಿಲೆಯಲ್ಲಿ ಏರಿದ ಮುಖ ಅದು. ಔಷಧಿಯಿಂದ ಹತೋಟಿಗೆ ಬರುತ್ತದೆ. ಮದುವೆ ಇದಕ್ಕೆ ಮದ್ದಲ್ಲ ಅಂತ ಅಮ್ಮನಿಗೆ ಮೆಲ್ಲಗೆ ಹೇಳಿ.

ಗಾಂಜಾ, ಸ್ಟೀರಾಯ್ಡ್ ಮಾತ್ರೆ, ಥೈರಾಯ್ಡ್ ಏರುಪೇರಿನಿಂದಲೂ ಹೀಗೆ ಆಗಬಹುದು. ಅದನ್ನೆಲ್ಲ ನೋಡದೆ ಇಲ್ಲಿಂದಲೇ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ. ಆದರೆ ತಡ ಮಾಡಬೇಡಿ.

ಪ್ರಶ್ನೆ (ತೀರ್ಥಹಳ್ಳಿಯ ಶಿಕ್ಷಕರು):
ನನ್ನ ಮೂರನೇ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಎದ್ದು ಓಡುತ್ತಾನೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ. ಎಲ್ಲರೂ "ಮಂಗ" ಅಂತ ಕರೆಯುತ್ತಾರೆ. ಇದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಅಲ್ವಾ?

ಉತ್ತರ:
ಇರಬಹುದು. ಅದಕ್ಕೆ 12 ವರ್ಷದೊಳಗೆ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು, ಶಾಲೆಯಲ್ಲೂ ಮನೆಯಲ್ಲೂ ಕಾಣಬೇಕು. ಶಾಲೆಯಲ್ಲಿ ಮಾತ್ರ ಅಂದರೆ ಕಣ್ಣು, ಕಿವಿ, ಓದಿನ ತೊಂದರೆ ಮೊದಲು ನೋಡಿಸಿ. ಆ "ಮಂಗ" ಅನ್ನುವುದನ್ನು ನಾಳೆಯಿಂದಲೇ ನಿಲ್ಲಿಸಿ ಸರ್. ಮಕ್ಕಳು ಕರೆದ ಹೆಸರಿಗೆ ತಕ್ಕ ಹಾಗೇ ಇರಲು ಕಲಿತುಬಿಡುತ್ತಾರೆ.

ಪ್ರಶ್ನೆ (ಸಾಗರದ ಸದಸ್ಯರು):
ನಮ್ಮ ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವ) ಹೋದ ವರ್ಷ ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಗಾಯ ವಾಸಿಯಾಗಿದೆ. ಆದರೆ ತುಂಬಾ ಸಮಾಧಾನದ ಮನುಷ್ಯ ಈಗ ಬಾಯಿಗೆ ಬಂದಂತೆ ಬೈತಾನೆ, ಕೂಲಿ ದುಡ್ಡು ಅವತ್ತೇ ಖಾಲಿ. ಕೊಬ್ಬು ಬಂದಿದೆ ಅಂತಾರೆ ಜನ.

ಉತ್ತರ:
ಕೊಬ್ಬು ಅಲ್ಲ, ಪೆಟ್ಟಿನ ಪರಿಣಾಮ ಇರುವ ಸಾಧ್ಯತೆ ಜಾಸ್ತಿ. ಹಣೆಯ ಹಿಂದಿನ ಮಿದುಳು "ತಡಿ, ಯೋಚಿಸು" ಅಂತ ನಮ್ಮನ್ನು ಹಿಡಿದಿಡುವ ಭಾಗ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿ ಕೆಲಸದ ಮೇಸ್ತ್ರಿ ಫಿನಿಯಸ್ ಗೇಜ್ ಎಂಬುವನ ಕೆನ್ನೆಯಿಂದ ನೆತ್ತಿಗೆ ಕಬ್ಬಿಣದ ಸಲಾಕೆ ಹಾದುಹೋಯಿತು. ಬದುಕಿದ. ಅವನ ವೈದ್ಯ ಜಾನ್ ಹಾರ್ಲೊ 1868ರಲ್ಲಿ ಬರೆದ ವರದಿ ನನಗೆ ತುಂಬಾ ಇಷ್ಟ, ಯಾಕೆಂದರೆ ಒಂದು ಹೆಸರು ಅಂಟಿಸಿ ಆತ ಸುಮ್ಮನಾಗಲಿಲ್ಲ. ಮೊದಲು ಹೇಗಿದ್ದ, ಈಗ ಏನು ಮಾಡುತ್ತಾನೆ ಅಂತ ಬರೆದ: ಒರಟು ಮಾತು, ಬುದ್ಧಿ ಹೇಳಿದರೆ ಅಸಹನೆ, ಯೋಜನೆ ಹಾಕಿ ಹಾಕಿ ಬಿಡುವುದು. ಅದೇ ಗೇಜ್ ಆಮೇಲೆ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆ ಗಾಡಿ ಓಡಿಸಿದ. ದಿನವೂ ಒಂದೇ ಕ್ರಮದ ಕೆಲಸ ಇಂಥವರಿಗೆ ಆಸರೆಯಾಗುತ್ತದೆ. ನರರೋಗ ತಜ್ಞರಿಗೆ ತೋರಿಸಿ. ಕೂಲಿಯನ್ನು ಕೊನೆಗೌಡನನ್ನು ಕೇಳಿಕೊಂಡೇ ಅವನ ಮನೆಯವರ ಕೈಗೆ ಕೊಡಿ. ಮತ್ತೆ ಮರ ಹತ್ತಿಸಬೇಡಿ.

ಪ್ರಶ್ನೆ (ಸೊರಬದಿಂದ):
ಮಾವನಿಗೆ 71. ಮೊನ್ನೆಯಿಂದ ಸಂಜೆಯಾದರೆ ಸೊಸೆಯ ಗುರುತೇ ಸಿಗಲ್ಲ, ಕೋಲೆತ್ತುತ್ತಾರೆ. ಅರಳು ಮರುಳು ಅಂತ ಬಿಡೋದಾ?

ಉತ್ತರ:
ಬಿಡಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಅರಳು ಮರುಳು ಎರಡು ದಿನದಲ್ಲಿ ಬರುವುದಿಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿದಿರುವುದು, ಜ್ವರ, ಇಂಥದೇನೋ ಇರುತ್ತದೆ. ಇತ್ತೀಚೆಗೆ ಕಾಡಿಗೆ ಹೋಗಿದ್ದು, ಜ್ವರ ಬಂದು ಬಿಟ್ಟಿದ್ದರೆ ಅದನ್ನೂ ಹೇಳಿ. ಕಾಡಿನ ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಿಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರಲ್ಲಿ ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರಳಿ ಬಂದು, ತಲೆನೋವು, ನಡುಕ, ಮನಸ್ಸಿನ ಗೊಂದಲ ಕಾಣಿಸುತ್ತದೆ.

ಮೊದಲ ಸದಸ್ಯೆ:
ಮೇಡಂ, ತಮ್ಮ ಬರೋಕೇ ಒಪ್ತಿಲ್ಲ. "ನನಗೇನಾಗಿದೆ, ನೀವೇ ಹುಚ್ಚರು" ಅಂತಾನೆ.

ಉತ್ತರ:
ಮೇನಿಯಾ ಇದ್ದರೆ ಅವನಿಗೆ ನಿಜವಾಗಿಯೂ ಚೆನ್ನಾಗಿದ್ದೇನೆ ಅನ್ನಿಸುತ್ತಿರುತ್ತದೆ. ವಾದ ಮಾಡಬೇಡಿ. "ನಿದ್ದೆ ಕಮ್ಮಿಯಾಗಿದೆ, ಅದಕ್ಕೆ ತೋರಿಸೋಣ" ಅನ್ನಿ, ಅದು ಸುಳ್ಳೂ ಅಲ್ಲ. ಅವನು ಯಾರ ಮಾತು ಕೇಳುತ್ತಾನೋ ಅವರ ಬಾಯಲ್ಲಿ ಹೇಳಿಸಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೊಡೆಯಲು ಬಂದರೆ, ಸಾಯುವ ಮಾತಾಡಿದರೆ ಕಾಯದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತನ್ನಿ. ಮನೆಯಲ್ಲಿರುವ ಗಾಡಿಯ ಕೀ, ಪಾಸ್‌ಬುಕ್, ತೋಟದ ಔಷಧಿ ಡಬ್ಬಿಗಳನ್ನು ಈಗಲೇ ಬೇರೆ ಕಡೆ ಇಡಿ. ಬರುವಾಗ ಅವನು ನುಂಗುವ ಎಲ್ಲ ಮಾತ್ರೆ, ನಾಟಿ ಔಷಧಿ ಇದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ.