ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ: 1912ರಿಂದಲೂ ಆಗಸ್ಟ್ 15, ಜನವರಿ 26ಕ್ಕೇನಾ?

ಗೋಡೆಬರಹ: ಬಡಾವಣೆಯ ಗ್ರಂಥಾಲಯಕ್ಕೆ ಲಾಲ್‌ಬಾಗ್ ಪ್ರದರ್ಶನದ ಬಗ್ಗೆ ಒಂದು ಫಲಕ ಬರೀಬೇಕು. ಕೈಗೆ ಸಿಕ್ಕ ಕರಡಿನಲ್ಲಿ "1912ರಿಂದ ಪ್ರತಿವರ್ಷ ಆಗಸ್ಟ್ 15 ಮತ್ತು ಜನವರಿ 26ರ ಪ್ರಯುಕ್ತ" ಅಂತಿದೆ. ಗಾಜಿನ ಮನೆ ಗಿಡ ಬೆಳೆಸೋಕೆ ಕಟ್ಟಿದ್ದು ಅಂತಲೂ ಇದೆ. ಎರಡೂ ಸರಿನಾ? ಇನ್ನೊಂದು: ಸೇವಂತಿಗೆ ಜನವರಿಗೆ ಸಲೀಸು, ಆಗಸ್ಟ್‌ಗೆ ಕಷ್ಟ ಅಂತಾರಲ್ಲ, ಯಾಕೆ?

ಹಳೇ ನಕ್ಷೆ: ಮೊದಲನೇದು ತಪ್ಪು. 1912 ಮೈಸೂರು ಉದ್ಯಾನಕಲಾ ಸಂಘ ಹುಟ್ಟಿದ ವರ್ಷ. ಆಗ ಲಾಲ್‌ಬಾಗ್ ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಕೈಲಿತ್ತು. ಇವತ್ತಿಗೂ ತೋಟಗಾರಿಕೆ ಇಲಾಖೆ ಜೊತೆ ಸೇರಿ ಪ್ರದರ್ಶನ ನಡೆಸೋದು ಆ ಸಂಘವೇ. ಆದರೆ 1912ರಲ್ಲಿ ಸ್ವಾತಂತ್ರ್ಯ ದಿನ ಎಲ್ಲಿತ್ತು, ಗಣರಾಜ್ಯೋತ್ಸವ ಎಲ್ಲಿತ್ತು? ಈ ಎರಡು ತಾರೀಕು 1947, 1950ರ ಆಮೇಲೆ ಗಂಟುಬಿದ್ದವು. ಫಲಕದಲ್ಲಿ ಸಂಘದ ವರ್ಷ, ಈ ತಾರೀಕುಗಳು ಎರಡನ್ನೂ ಬೇರೆ ಬೇರೆ ವಾಕ್ಯ ಮಾಡಿ.

ಗಾಜಿನ ಮನೆ ಕಟ್ಟಿದ್ದೇ ಪ್ರದರ್ಶನಕ್ಕೆ. ಆಗ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರಾನ್ ಉಸ್ತುವಾರಿಯಲ್ಲಿ, 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು. ಎರಕದ ಕಬ್ಬಿಣ ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಾರ್ಖಾನೆಯದು. ಪೂರ್ವದ ಭಾಗ 1935ರಲ್ಲಿ ಸೇರಿದ್ದು. ಅಂದರೆ ಗಾಜಿನ ಮನೆಗೆ ಸಂಘಕ್ಕಿಂತ ಇಪ್ಪತ್ತು ವರ್ಷ ಹೆಚ್ಚು ವಯಸ್ಸು!

ಕುಂಡದಮಣ್ಣು: ಸೇವಂತಿಗೆಗೆ ಲೆಕ್ಕ ಇರೋದು ರಾತ್ರಿಯದು. ಉದ್ದನೆಯ, ನಡುವೆ ಬೆಳಕು ಬೀಳದ ಕತ್ತಲೆ ದಿನಾ ಸಿಕ್ಕರೆ ಮೊಗ್ಗು ಕಟ್ಟುತ್ತೆ. ಬೆಂಗಳೂರಲ್ಲಿ ಚಳಿಗಾಲಕ್ಕೆ ಅದು ತಾನಾಗೇ ಸಿಗುತ್ತೆ, ಆದರೆ ಬೇಗ ಸಿಕ್ಕರೂ ಕಷ್ಟ: ಗಿಡ ಗೇಣುದ್ದ ಇರೋವಾಗಲೇ ಮೊಗ್ಗು ಬಂದು ಕುಳ್ಳಗೆ ಉಳಿಯುತ್ತೆ. ಅದಕ್ಕೇ ನೆಟ್ಟ ಮೇಲೆ ನಾಲ್ಕೈದು ವಾರ ರಾತ್ರಿ 10ರಿಂದ 2ರವರೆಗೆ ಬಲ್ಬು ಉರಿಸ್ತಾರೆ. ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೋದರೆ ಪಾಲಿಹೌಸುಗಳು (ಪ್ಲಾಸ್ಟಿಕ್ ಹಾಳೆ ಹೊದಿಸಿದ ಗಿಡದ ಮನೆಗಳು) ಮದುವೆಮನೆ ಥರ ಹೊಳೆಯೋದು ಇದಕ್ಕೇ.

ಬಲ್ಬು ಆರಿಸಿದ ಮೇಲೆ ತಳಿ ನೋಡಿಕೊಂಡು 8ರಿಂದ 10 ವಾರಕ್ಕೆ ಹೂ. ಪ್ರದರ್ಶನ ಶುರುವಾಗೋ ದಿನದಿಂದ ಹಿಂದಕ್ಕೆ ಎಣಿಸಿ, 26ರಿಂದಲ್ಲ. ಜನವರಿ ನಡುವೆ ಶುರುವಾದರೆ ನವೆಂಬರ್ ನಡುವೆ ಆರಿಸಬೇಕು. ಆಗಸ್ಟ್ ಮೊದಲ ವಾರಕ್ಕಾದರೆ ಜೂನ್ ಹೊತ್ತಿಗೆ, ವರ್ಷದ ಅತಿ ಉದ್ದದ ಹಗಲಿರೋವಾಗ. ಆಗ ಸಂಜೆ 5ರಿಂದ ಬೆಳಗ್ಗೆ 7ರವರೆಗೆ ಕಪ್ಪು ಹೊದಿಕೆ ಎಳೆಯಲೇಬೇಕು. ಹೊದಿಕೆಗೆ ತೂತಿದ್ದರೆ ಆ ಜಾಗದ ಗಿಡ ಹಿಂದೆ ಬೀಳುತ್ತೆ. ಮನೆಯ ಕುಂಡಕ್ಕೂ ಇದೇ ನ್ಯಾಯ: ಬೀದಿದೀಪದ ಕಡೆಗಿರೋ ರೆಂಬೆ ಬರೀ ಎಲೆ ಬಿಡುತ್ತೆ, ನೆರಳಿನ ಕಡೆಯದ್ದು ಹೂ ಬಿಡುತ್ತೆ. ಗೊಬ್ಬರ ಸುರಿದು ಪ್ರಯೋಜನ ಇಲ್ಲ.

ಗೋಡೆಬರಹ: ತುಂಬಾ ಉಪಕಾರ. ಗಾಜಿನ ಮನೆ ಒಳಗಿನ ದೊಡ್ಡ ಹೂವಿನ ಕಲಾಕೃತಿ ಅಷ್ಟು ದಿನ ಬಾಡದೆ ಹೇಗಿರುತ್ತೆ?

ತಂತಿಜಾಲರಿ: ಬಾಡುತ್ತೆ, ನಡುವೆ ಹೂ ಬದಲಾಯಿಸ್ತಾರೆ. ಒಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ನೀರು ಕುಡಿದ ಹಸಿರು ಸ್ಪಂಜಿನ ಇಟ್ಟಿಗೆ, ಉದುರದ ಹಾಗೆ ಮೇಲೊಂದು ಜಾಲರಿ. 2 ಇಂಚಿನ ಗುಲಾಬಿ ಒತ್ತಾಗಿ ಜೋಡಿಸಿದರೆ ಚದರಡಿಗೆ 36.

ಕೆಡೋದು ಸ್ಪಂಜು ನೆನೆಸೋದರಲ್ಲಿ. ಅವಸರಕ್ಕೆ ಕೈಯಲ್ಲಿ ಒತ್ತಿ ಮುಳುಗಿಸ್ತಾರೆ. ಹೊರಗೆ ಒದ್ದೆ, ನಡುವೆ ಗಾಳಿ ಸಿಕ್ಕಿಕೊಂಡು ಒಣ. ನೀರಿನ ಮೇಲೆ ಸುಮ್ಮನೆ ಇಟ್ಟರೆ ಒಂದೆರಡು ನಿಮಿಷದಲ್ಲಿ ತಾನೇ ಮುಳುಗುತ್ತೆ. ಕಡ್ಡಿ ಓರೆಯಾಗಿ ಕತ್ತರಿಸಿ ಒಂದೇ ಸಲ ಚುಚ್ಚಿ. ಸರಿಯಿಲ್ಲ ಅಂತ ಅರ್ಧ ಹೊರಗೆಳೆದರೆ ಬುಡದಲ್ಲಿ ಪೊಳ್ಳಾಗಿ ನೀರು ಮುಟ್ಟಲ್ಲ, ಪಕ್ಕದ ಹೂ ನಗುತ್ತಿದ್ದರೂ ಅದು ಮಾರನೇ ದಿನವೇ ಕತ್ತು ಬಗ್ಗಿಸುತ್ತೆ. ಪೂರ್ತಿ ಒಣಗಿದ ಸ್ಪಂಜು ಮೇಲೆ ಸಿಂಪಡಿಸಿದರೆ ನೀರು ಹೀರಲ್ಲ, ಆ ಇಟ್ಟಿಗೆ ತೆಗೆದು ಹೊಸದೇ ಹಾಕಬೇಕು.

ಹಳೇ ನಕ್ಷೆ: ಫಲಕದಲ್ಲಿ ಜಾಗ ಉಳಿದರೆ: 1836ರಿಂದ 1842ರವರೆಗೆ ಲಾಲ್‌ಬಾಗ್ ಒಂದು ಕೃಷಿ-ತೋಟಗಾರಿಕಾ ಸಂಘದ ವಶದಲ್ಲಿತ್ತು, ಆಮೇಲೆ ಆ ಸಂಘ ಮುಚ್ಚಿಹೋಯ್ತು. 1912ರ ಸಂಘ ಬೇರೆ. ಎರಡನ್ನೂ ಒಂದೇ ಅಂತ ಬರೆದುಬಿಡಬೇಡಿ.