ನೂರರವರೆಗೆ ಎಣಿಸುತ್ತಾಳೆ, ಐದಕ್ಕೆ ಮೂರು ಕೂಡಿಸಲು ಬರುತ್ತಿಲ್ಲ

ಎಡಿಸನ್, ನ್ಯೂಜೆರ್ಸಿ: ಎಲ್ಲರಿಗೂ ನಮಸ್ಕಾರ. ಮಗಳು ಕಿಂಡರ್‌ಗಾರ್ಟನ್‌ನಲ್ಲಿದ್ದಾಳೆ. ನೂರರವರೆಗೆ ತಡವರಿಸದೆ ಹೇಳುತ್ತಾಳೆ. ಆದರೆ ಐದಕ್ಕೆ ಮೂರು ಕೂಡಿಸು ಎಂದರೆ ಪ್ರತಿ ಸಲವೂ ಒಂದರಿಂದಲೇ ಬೆರಳು ಮಡಚುತ್ತಾ ಬರುತ್ತಾಳೆ. ವರ್ಷ ಮುಗಿಯುವಷ್ಟರಲ್ಲಿ ಹತ್ತರೊಳಗಿನ ಸಂಕಲನ ಬರಬೇಕಂತೆ. ಮನೆಯಲ್ಲಿ ನಾನು ಕನ್ನಡದಲ್ಲಿ ಎಣಿಸುವುದರಿಂದ ಗೊಂದಲವಾಗುತ್ತಿದೆಯೇ? ನಿಲ್ಲಿಸಿಬಿಡಲೇ?

ಡಲ್ಲಾಸ್: ದಯವಿಟ್ಟು ನಿಲ್ಲಿಸಬೇಡಿ. ನಾನು ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಒಂದರಿಂದ ಶುರುಮಾಡುವುದು ಈ ವಯಸ್ಸಿಗೆ ಸಹಜ. ಐದು ಕಡಲೆಕಾಳನ್ನು ಅವಳ ಕೈಯಿಂದಲೇ ಎಣಿಸಿಸಿ, ಮೇಲೆ ಬಟ್ಟಲು ಕವುಚಿ. ಮೂರು ಕಾಳು ಹೊರಗಿರಲಿ. ಮುಚ್ಚಿದ್ದು ಕಾಣುವುದಿಲ್ಲ, ಹಾಗಾಗಿ ಬಟ್ಟಲು ಮುಟ್ಟಿ "ಐದು" ಎಂದು, ಹೊರಗಿನದಕ್ಕೆ ಆರು, ಏಳು, ಎಂಟು ಎನ್ನಬೇಕಾಗುತ್ತದೆ. ಇದು ಕೂತ ಮೇಲೆ ಚೌಕಾಬಾರ ಆಡಿಸಿ. ಕಾಯಿ ಇರುವ ಮನೆಯನ್ನೇ ಒಂದು ಎಂದು ಎಣಿಸಿದರೆ ಅಲ್ಲೇ ತಿದ್ದಿ. ಬೆರಳಲ್ಲಿ ಕೂಡುವಾಗಲೂ ಮಕ್ಕಳು ಅದೇ ತಪ್ಪು ಮಾಡುತ್ತಾರೆ.

ಹೂಸ್ಟನ್: ಇದೆಲ್ಲ ಏಕೆ ತಾಯಿ? ಮಗ್ಗಿ ಕಲಿಸಿ! ದೀಪ ಹಚ್ಚಿದ ಮೇಲೆ ದಿನಾ ಇಪ್ಪತ್ತರವರೆಗೆ ಹೇಳಿಸಿದೆ, ನನ್ನ ಮಕ್ಕಳಿಬ್ಬರೂ ಇಂದು ಎಂಜಿನಿಯರುಗಳು. ನಮ್ಮನ್ನು ಈ ದೇಶಕ್ಕೆ ತಂದದ್ದೇ ಮಗ್ಗಿ. ಇಲ್ಲಿನ ಶಾಲೆಗಳು ಚಿತ್ರ ಬಿಡಿಸುತ್ತಾ ಕಾಲ ಕಳೆಯುತ್ತವೆ.

ಟೊರಾಂಟೊ: ಸರಿಯಾಗಿ ಹೇಳಿದಿರಿ ಸರ್. ನಮ್ಮ ಅತ್ತೆ ಬಂದಾಗ ಹುಣಸೆ ಬೀಜ ಹಾಕಿಕೊಂಡು ಮಗಳಿಗೆ ಅಳಗುಳಿಮನೆ ಕಲಿಸುತ್ತಿದ್ದರು. ಅವರು ಊರಿಗೆ ಹೋದ ಮೇಲೆ ಮಣೆ ಅಟ್ಟ ಸೇರಿತು. ಈಗ ಮಗಳು ಕಾಲೇಜಿನಲ್ಲಿದ್ದಾಳೆ, ಕನ್ನಡದಲ್ಲಿ ಹತ್ತರಾಚೆ ಎಣಿಸಲು ಬರುವುದಿಲ್ಲ. ಆ ಸಂಕಟ ಯಾರಿಗೂ ಬೇಡ.

ಡಲ್ಲಾಸ್: ಸರ್, ಮಗ್ಗಿಯ ಮೇಲೆ ನನಗೂ ಗೌರವವಿದೆ. ಆದರೆ ಅದು ಗುಣಾಕಾರ. ಐದು ಎಂಬ ಗುಂಪನ್ನು ಒಟ್ಟಾಗಿ ಹಿಡಿಯಲು ಇನ್ನೂ ಬಾರದ ಮಗು ಅದನ್ನು ಹಾಡಿನ ಹಾಗೆ ಒಪ್ಪಿಸುತ್ತದೆ, ಅಷ್ಟೇ.

ಹೂಸ್ಟನ್: ಮೊದಲು ಬಾಯಿಪಾಠ, ಅರ್ಥ ಆಮೇಲೆ ತಾನಾಗಿ ಬರುತ್ತದೆ. ನಾವೆಲ್ಲ ಹಾಗೆಯೇ ಕಲಿತದ್ದು. ಭಾನುವಾರ ಸಂಜೆ ಆನ್‌ಲೈನ್‌ನಲ್ಲಿ ನಾನೇ ಮಗ್ಗಿ ಹೇಳಿಕೊಡುತ್ತೇನೆ, ಹಣ ಬೇಡ. ಸೇರುವವರು ಮಕ್ಕಳ ವಯಸ್ಸು ತಿಳಿಸಿ.

ಸ್ಯಾನ್ ಹೋಸೆ: ತುಂಬಾ ಒಳ್ಳೆಯ ಕೆಲಸ ಸರ್! ನಮ್ಮ ಮನೆಯಿಂದ ಇಬ್ಬರು, ಆರು ಮತ್ತು ಒಂಬತ್ತು ವರ್ಷ.

ಎಡಿಸನ್, ನ್ಯೂಜೆರ್ಸಿ: ಡಲ್ಲಾಸಿನ ಅಕ್ಕ, ಈಗಷ್ಟೇ ಬಟ್ಟಲು ಇಟ್ಟು ನೋಡಿದೆ. ಐದು ಎಂದು ನಿಲ್ಲಿಸಿ, ಆರು ಎಂದಳು! ಮೂರಕ್ಕೆ ಐದು ಎಂದು ಲೆಕ್ಕ ಕೊಟ್ಟರೆ ಯಾವುದನ್ನು ಮುಚ್ಚಬೇಕು, ದೊಡ್ಡದನ್ನೇ?

ಟೊರಾಂಟೊ: ಸರ್, ಭಾನುವಾರ ಎಷ್ಟು ಗಂಟೆಗೆ? ನಮ್ಮ ಗಡಿಯಾರ ನಿಮಗಿಂತ ಒಂದು ಗಂಟೆ ಮುಂದಿದೆ.