ನಿಮ್ಮ ಪಿಕಪ್ ಎಷ್ಟು ಚೀಲ ಹೊರುತ್ತದೆ?

ಸಿಂಧನೂರು–ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ಪಿಕಪ್ ಟ್ರಕ್ ತಗೊಳ್ಳೋಣ ಅಂತಿದ್ದೇವೆ. ಇಬ್ಬರು ಮಕ್ಕಳು, ಬೇಸಿಗೆಗೆ ಅಪ್ಪ ಅಮ್ಮ ಬರುತ್ತಾರೆ, ಹಿಂದೆ ಒಂದು ಕ್ಯಾಂಪರ್ (ಒಳಗೇ ಉಳಿದುಕೊಳ್ಳಬಹುದಾದ ಟ್ರೇಲರ್) ಕಟ್ಟಿಕೊಂಡು ಸುತ್ತಾಡುವ ಆಸೆ. 'ಹಾಫ್ ಟನ್' ಗಾಡಿಯೇ 9,000 ಪೌಂಡ್ ಎಳೆಯುತ್ತದೆ ಅಂತ ಶೋರೂಮಿನವರು ಹೇಳಿದರು. ಸಾಕಾಗುತ್ತದಾ?

ಗಂಗಾವತಿ–ಹ್ಯೂಸ್ಟನ್:
ತಮ್ಮಾ, ನಾನೀಗ ರಜೆಗೆ ಊರಿಗೆ ಬಂದಿದ್ದೇನೆ. ನಿನ್ನ ಪ್ರಶ್ನೆ ಓದಿದ್ದೇ ರೈಸ್‌ಮಿಲ್ ಕಾಟಾದ ಪಕ್ಕ ನಿಂತುಕೊಂಡು.

ಈಗ ಸುಗ್ಗಿ. ಭತ್ತದ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿದ್ದವು. ಒಂದು ಕಾಟಾ ಹತ್ತಿತು. ಡ್ರೈವರ್ ಇಳಿಯದೆ ಸೀಟಿನಲ್ಲೇ ಕೂತು ಫೋನ್ ನೋಡುತ್ತಿದ್ದ. ನಮ್ಮ ಸೋದರಮಾವ ಕಿಟಕಿಯಿಂದಲೇ ಕೂಗಿದರು, 'ಏ ತಮ್ಮಾ, ಕೆಳಗ ಇಳೀಪಾ! ನಿನ್ನ ತೂಕಕ್ಕೂ ನಾನ ರೊಕ್ಕ ಕೊಡ್ಲೇನು?' ನನ್ನ ಒಂಬತ್ತು ವರ್ಷದ ಮಗ ಕೇಳಿದ, 'ಅಜ್ಜ, ಡ್ರೈವರೂ ಲೋಡಾ?' ಮಾವ ಅಂದರು, 'ಕಾಟಾಕ್ಕೇನ್ ಗೊತ್ತಪಾ, ಮನಷ್ಯಾ ಯಾರು ಚೀಲ ಯಾವುದು ಅಂತ.'

ನೀನು ಕೇಳಿದ್ದಕ್ಕೆ ಉತ್ತರ ಇದೇ. ಕಾಟಾ ಚೀಟಿಯಲ್ಲಿ ಗ್ರಾಸ್, ಟೇರ್, ನೆಟ್ ಅಂತ ಮೂರು ಸಾಲು ಇರುತ್ತವಲ್ಲ, ಪಿಕಪ್ಪಿನದೂ ಅದೇ ಲೆಕ್ಕ. ಲೋಡ್ ಸಮೇತ ಗಾಡಿ ಎಷ್ಟು ತೂಗಬಹುದು ಅನ್ನುವ ಗರಿಷ್ಠ ಮಿತಿಗೆ ಜಿವಿಡಬ್ಲ್ಯೂಆರ್ ಅನ್ನುತ್ತಾರೆ. ಅದರಲ್ಲಿ ಗಾಡಿಯ ಸ್ವಂತ ತೂಕ ಕಳೆದರೆ ಉಳಿಯೋದು ಪೇಲೋಡ್. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಟೈರ್ ಗಾಳಿಯ ಸ್ಟಿಕರ್ ಇರುತ್ತದೆ. ಜನ ಮತ್ತು ಸಾಮಾನು ಎರಡೂ ಸೇರಿ ಇಷ್ಟು ಕೆಜಿ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಡ್ರೈವರೂ ಆ ಲೆಕ್ಕದಲ್ಲೇ ಬರುತ್ತಾನೆ.

ನನ್ನ ಗಾಡಿಯದು 1,400 ಪೌಂಡ್, ಅಂದರೆ 635 ಕೆಜಿ. ನಮ್ಮ ಕಡೆಯ 75 ಕೆಜಿ ಭತ್ತದ ಚೀಲದ ಲೆಕ್ಕದಲ್ಲಿ ಎಂಟೂವರೆಗೂ ಸ್ವಲ್ಪ ಕಮ್ಮಿ. ಎರಡು ಟನ್‌ಗಿಂತ ಜಾಸ್ತಿ ತೂಗುವ ಗಾಡಿಗೆ ಇಷ್ಟೇ! ಇಲ್ಲಿ ಸಂತೆಗೆ ಓಡುವ ಚೋಟಾ ಹಾಥಿ ಕಾಗದದ ಮೇಲೆ ಸುಮಾರು 750 ಕೆಜಿ, ಹತ್ತು ಚೀಲ ಹೊರುತ್ತದೆ. (ಕಾಗದದ ಆಚೆಗೆ ಎಷ್ಟು ಹೊರುತ್ತದೆ ಅನ್ನೋದು ನಿನಗೂ ಗೊತ್ತು, ನನಗೂ ಗೊತ್ತು.) 'ಹಾಫ್ ಟನ್' ಅನ್ನೋದು ಹಳೇ ಕಾಲದಿಂದ ಉಳಿದುಕೊಂಡ ಹೆಸರು ಅಷ್ಟೆ, ಅದನ್ನು ನಂಬಿ ಲೆಕ್ಕ ಹಾಕಬೇಡ.

ಹೋದ ಬೇಸಿಗೆಯಲ್ಲಿ ನಾನು ಮಾಡಿದ ಎಡವಟ್ಟು ಕೇಳು. ನಾನು 80, ಹೆಂಡತಿ 62, ಅಮ್ಮ 55, ಮಕ್ಕಳು 30 ಮತ್ತು 22, ಮಕ್ಕಳ ಸೀಟು ಎರಡೂ ಸೇರಿ 20. ಇಷ್ಟಕ್ಕೇ 269 ಕೆಜಿ ಆಯಿತು. ಉಳಿದದ್ದು 366. ಹಿಂದೆ ಕಟ್ಟಿದ ಕ್ಯಾಂಪರ್ ಸಾಮಾನು ಸೇರಿ 2,400 ಕೆಜಿ. 9,000 ಪೌಂಡ್ ಅಂದರೆ ನಾಲ್ಕು ಟನ್, ಇದು ಯಾವ ಲೆಕ್ಕ ಅಂದುಕೊಂಡೆ.

ಅಲ್ಲೇ ಎಡವಿದ್ದು. ಚಕ್ಕಡಿ ಮುಂಭಾರವಾದರೆ ಎತ್ತಿನ ಹೆಗಲಿಗೆ ಬೀಳುತ್ತದಲ್ವಾ? ಹಾಗೇ ಟ್ರೇಲರ್ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಗಾಡಿಯ ಹಿಂದಿನ ಕೊಂಡಿಯ ಮೇಲೆ ಕೂರುತ್ತದೆ. ಅದು ಎಳೆಯುವ ತೂಕ ಮಾತ್ರ ಅಲ್ಲ, ಹೊರುವ ತೂಕವೂ ಹೌದು. ಹಾಗಂತ ಕ್ಯಾಂಪರಿನ ಸಾಮಾನೆಲ್ಲ ಹಿಂದಕ್ಕೆ ಸರಿಸಿ ಹಿಂಭಾರ ಮಾಡಿದರೆ ಅದು ಹೈವೇಯಲ್ಲಿ ಬಾಲ ಅಲ್ಲಾಡಿಸಿದ ಹಾಗೆ ಓಲಾಡುತ್ತದೆ, ಇನ್ನೂ ಅಪಾಯ. ನನ್ನದು 13 ಪಾಲು ಅಂತ ಹಿಡಿದರೆ 312 ಕೆಜಿ. ಕೊಂಡಿಯ ಕಬ್ಬಿಣವೇ 40. ಕೊನೆಗೆ ಉಳಿದದ್ದು 14 ಕೆಜಿ! ಆದರೆ ಹಿಂದಿನ ತೊಟ್ಟಿಯಲ್ಲಿ ಜನರೇಟರ್, ಐಸ್ ಪೆಟ್ಟಿಗೆ, ಎರಡು ಸೈಕಲ್, ಸೌದೆ, ಅಮ್ಮನ ಸೋನಾ ಮಸೂರಿ ಚೀಲ, ಎಲ್ಲ ಸೇರಿ 110 ಇತ್ತು.

ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ಸಂಜೆ ಎದುರಿನವರೆಲ್ಲ ಸುಮ್ನೆ ಲೈಟ್ ಮಿಣುಕಿಸುತ್ತಾರಲ್ಲ ಅಂತ ಬೈದುಕೊಂಡೆ. ನೋಡಿದರೆ ನನ್ನ ಹೆಡ್‌ಲೈಟೇ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಸ್ಟೇರಿಂಗ್ ಹಗುರ, ಬ್ರೇಕ್ ಹಿಡಿಯೋದು ತಡ. ಮರುದಿನ ಟ್ರಕ್ ಸ್ಟಾಪ್ ಕಾಟಾಕ್ಕೆ ಹಾಕಿಸಿದೆ. ಅಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಬೇರೆ ಬೇರೆ ತೂಗಿ ಕೊಡುತ್ತಾರೆ. ಮಿತಿಗಿಂತ ಹತ್ತಿರ ಹತ್ತಿರ 100 ಕೆಜಿ ಜಾಸ್ತಿ ಬಂತು. ಒಂದೊಂದು ಆಕ್ಸಲ್‌ಗೂ ಅದರದೇ ಮಿತಿ ಇದೆ, ಅದನ್ನೂ ಬಾಗಿಲ ಕಂಬದಲ್ಲೇ ಬರೆದಿರುತ್ತಾರೆ.

ಅದಕ್ಕೇ, ಬ್ರೋಷರ್ ನೋಡಿ ಗಾಡಿ ತಗೋಬೇಡ. ಅದರಲ್ಲಿರೋದು ಏನೂ ಹಾಕಿಸದ ಹಗುರ ಗಾಡಿಯ ಅಂಕಿ. ಸನ್‌ರೂಫ್, ನಾಲ್ಕು ಚಕ್ರದ ಡ್ರೈವ್, ದೊಡ್ಡ ಕ್ಯಾಬಿನ್, ಎಲ್ಲದರ ತೂಕವೂ ಪೇಲೋಡ್‌ನಲ್ಲೇ ಕಳೆಯುತ್ತದೆ. ಒಂದೇ ಹೆಸರಿನ ಎರಡು ಗಾಡಿಗೆ ನೂರಾರು ಪೌಂಡ್ ವ್ಯತ್ಯಾಸ ಇರಬಹುದು. ನೀನು ತಗೊಳ್ಳುವ ಆ ಗಾಡಿಯದೇ ಬಾಗಿಲು ತೆಗೆದು ಓದು. ಹಿಂದೆ ಏರ್ ಸ್ಪ್ರಿಂಗ್ ಹಾಕಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಅದರಿಂದ ಗಾಡಿ ನೆಟ್ಟಗೆ ನಿಲ್ಲುತ್ತದೆ, ಆದರೆ ಮಿತಿ ಒಂದು ಕೆಜಿಯೂ ಏರಲ್ಲ.

ಬಳ್ಳಾರಿ–ಆಸ್ಟಿನ್:
ಅದಿರು ಲಾರಿಗಳ ಧೂಳು ಕುಡಿದು ಬೆಳೆದವರಿಗೆ ಓವರ್‌ಲೋಡ್ ಅನ್ನೋದು ಮಾಮೂಲು ಅನ್ನಿಸಿಬಿಟ್ಟಿದೆ ಅಣ್ಣ. ಅಕ್ರಮ ಗಣಿಗಾರಿಕೆ ಬಗ್ಗೆ 2011ರಲ್ಲಿ ಬಂದ ಲೋಕಾಯುಕ್ತ ವರದಿಯಲ್ಲೂ ಅದೇ ಕತೆ ಇತ್ತಲ್ಲ. ಊರಲ್ಲಾದರೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ ಪ್ರಕಾರ ದಂಡವೇ 20,000 ರೂಪಾಯಿ, ಮೇಲಿನ ಒಂದೊಂದು ಟನ್‌ಗೆ ಇನ್ನೂ 2,000. ಇಲ್ಲಿ ಮನೆ ಗಾಡಿಯನ್ನು ನಿಲ್ಲಿಸಿ ತೂಗುವವರು ಯಾರು?

ತಮ್ಮಾ, ಮಕ್ಕಳ ಸೀಟಿಗೂ ಒಂದು ಮಿತಿ ಇದೆ, ನೋಡಿಕೋ. ಅಮೆರಿಕದಲ್ಲಿ ಮಕ್ಕಳ ಸೀಟು ಸಿಕ್ಕಿಸೋಕೆ ಗಾಡಿಯ ಸೀಟಿನ ಕೆಳಭಾಗದಲ್ಲಿರುವ ಕೊಕ್ಕೆಗಳಿಗೆ ಮಗು ಮತ್ತು ಸೀಟು ಸೇರಿ 65 ಪೌಂಡ್, ಸುಮಾರು 29 ಕೆಜಿ ಅಷ್ಟೇ. ಅದು ದಾಟಿದರೆ ಗಾಡಿಯ ಬೆಲ್ಟ್‌ನಿಂದಲೇ ಸೀಟು ಬಿಗಿಯಬೇಕು. ನನ್ನ ಮಗಳು ದಾಟಿ ಆರು ತಿಂಗಳಾದ ಮೇಲೆ ನನಗೆ ಗೊತ್ತಾಗಿದ್ದು.

ಸಿಂಧನೂರು–ಡಲ್ಲಾಸ್:
ಅಣ್ಣ, ಅಕ್ಕ, ಇವತ್ತು ಹೋಗಿ ಬಾಗಿಲು ತೆಗೆದು ನೋಡಿದೆ. ನಮಗೆ ಇಷ್ಟವಾದ ಗಾಡಿಯದು 1,260 ಪೌಂಡ್. ಅಪ್ಪನಿಗೆ ಫೋನ್ ಮಾಡಿ ಏಳೂವರೆ ಚೀಲ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, 'ಅಷ್ಟು ರೊಕ್ಕಕ್ಕ ಏಳೂವರೆ ಚೀಲಾನಾ? ನಾನೂ ನಿಮ್ಮವ್ವನೂ ಬಂದ್ರ ಅದರಾಗ ಎರಡು ಚೀಲ ಹೋತು' ಅಂದರು.